ರಿಪೋರ್ಟ್ ನಾರ್ಮಲ್ ಬಂತು, ಕಾಲು ಸೋತವು: ಬಳ್ಳಾರಿ ಸೀಮೆಯ ಒಂದು ಎಂಎಸ್ ಪ್ರಕರಣ

ಬಳ್ಳಾರಿ ಸೀಮೆಯಲ್ಲಿ ಫೆಬ್ರವರಿ ಎಂದರೆ ಮೆಣಸಿನಕಾಯಿ ಕಣದ ಕಾಲ. ಕುರುಗೋಡು ಕಡೆಯ ಹಳ್ಳಿಯ 27 ವರ್ಷದ ಈ ಹೆಣ್ಣುಮಗಳು ತನ್ನ ಕಾಯಿಲೆಯನ್ನು ಮೊದಲು ಕಂಡದ್ದು ಕಣದಲ್ಲೇ. ಒಣಗಿದ ಕಾಯಿಯಲ್ಲಿ ಬಣ್ಣ ಬಿಟ್ಟದ್ದನ್ನು ಆರಿಸಿ ಬೇರೆ ಹಾಕುವ ಕೆಲಸ. ಮೂರು ದಿನದಿಂದ ಎಡಗಣ್ಣಿನ ಹಿಂದೆ ನೋವಿತ್ತು, ಕಣ್ಣು ಹೊರಳಿಸಿದರೆ ಇನ್ನೂ ಹೆಚ್ಚು. ಖಾರದ ಘಾಟು ಹೊಡೆದಿರಬೇಕು ಎಂದುಕೊಂಡು ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡು ಆರಿಸಿದಳು, ಕೆಲಸ ಸಲೀಸಾಗಿ ನಡೆಯಿತು. ಕೈ ಸೋತು ಸೆರಗನ್ನು ಬಲಗಣ್ಣಿಗೆ ಬದಲಿಸಿದ್ದೇ ತಡ, ಇಡೀ ರಾಶಿ ಬಣ್ಣ ಬಿಟ್ಟಂತೆ ಕಂಡಿತು.

"ಕೆಂಪು ಅನ್ನೋದು ಗೊತ್ತಾಗ್ತೈತ್ರಿ ಸರ್. ಆದ್ರ ಹಳೇ ಇಟ್ಟಂಗಿ ಕಂಡಂಗ ಕಾಣ್ತೈತಿ."

ನರರೋಗ ನೋಡುವ ನಾವು ಇದೇ ಪರೀಕ್ಷೆಯನ್ನು ಕಣ್ಣಿನ ಹನಿ ಔಷಧಿಯ ಕೆಂಪು ಮುಚ್ಚಳ ಹಿಡಿದು ಮಾಡುತ್ತೇವೆ. ಒಂದು ಕಣ್ಣಿಗೆ ಮುಚ್ಚಳ ಕಡುಗೆಂಪಾಗಿಯೂ ಇನ್ನೊಂದಕ್ಕೆ ಮಾಸಿದಂತೆಯೂ ಕಂಡರೆ ಕಣ್ಣಿನ ನರ ಊದಿಕೊಂಡಿದೆಯೇ ಎಂದು ಅನುಮಾನಿಸಬೇಕು. ಆಕೆ ನಾನು ಕೇಳುವ ಮೊದಲೇ ಆ ಪರೀಕ್ಷೆ ಮುಗಿಸಿಕೊಂಡು ಬಂದಿದ್ದಳು.

ಈ ಪ್ರಕರಣವನ್ನು ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಮೈಯ ರಕ್ಷಣಾ ಕಣಗಳೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯಾದ ಮೈಲಿನ್ ಮೇಲೆ ದಾಳಿ ಮಾಡುವ ಕಾಯಿಲೆ. ಇದು ನಮ್ಮ ಕಡೆ ಅಪರೂಪ ಎಂಬ ಮಾತಿದೆ. ಅಪರೂಪವೋ ಅಲ್ಲವೋ, ಇದರ ಔಷಧಿ ತೆಗೆದುಕೊಳ್ಳುವವರ ರಕ್ತದ ರಿಪೋರ್ಟನ್ನು ಉಳಿದವರ ರಿಪೋರ್ಟಿನಂತೆ ಓದಿದರೆ ಏನಾಗುತ್ತದೆ ಎಂಬುದನ್ನು ನಾನು ಈಕೆಯಲ್ಲಿ ಕಣ್ಣಾರೆ ಕಂಡೆ.

ರೋಗ ಗೊತ್ತಾದದ್ದು

ಹಳೆಯದನ್ನು ಕೆದಕಿದಾಗ ಇನ್ನೊಂದು ಸಂಗತಿ ಹೊರಬಂತು. ಹೆರಿಗೆಯಾದ ಎರಡು ತಿಂಗಳಿಗೆ ಬಲಗಾಲು ಜುಮುಜುಮು ಎಂದು ಮರಗಟ್ಟಿ, ಎರಡು ವಾರದಲ್ಲಿ ತಾನಾಗಿ ಸರಿಹೋಗಿತ್ತು. ಬಾಣಂತಿ ಮೈ, ವಾಯು ಆಗಿದೆ ಎಂದು ಮನೆಯಲ್ಲಿ ಎಣ್ಣೆ ತಿಕ್ಕಿದ್ದರು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಎಂಎಸ್ ತಣ್ಣಗಿದ್ದು ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಮರುಕಳಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅಂದು ಯಾರೂ ಆ ದಿಕ್ಕಿನಲ್ಲಿ ಯೋಚಿಸಲಿಲ್ಲ, ಯೋಚಿಸಲು ಕಾರಣವೂ ಇರಲಿಲ್ಲ.

ಎಂಆರ್‌ಐನಲ್ಲಿ ಮಿದುಳಿನ ಕುಹರಗಳ ಸುತ್ತ, ಮೇಲ್ಪದರದ ಅಂಚಿನಲ್ಲಿ ಬಿಳಿ ಕಲೆಗಳಿದ್ದವು, ಕತ್ತಿನ ಬೆನ್ನುಹುರಿಯಲ್ಲಿ ಒಂದು. ಹಾಗಂತ ಅಲ್ಲಿಗೇ ಎಂಎಸ್ ಎಂದು ಬರೆಯುವಂತಿಲ್ಲ. ನಮ್ಮ ಸೀಮೆಯಲ್ಲಿ ಕುರಿ ಸಾಕುವವರು ಹೆಚ್ಚು, ಬ್ರುಸೆಲ್ಲಾ ಸೋಂಕು ನರಮಂಡಲಕ್ಕೆ ಇಳಿದರೆ ಇದೇ ವೇಷ ಹಾಕಬಲ್ಲದು. ಕ್ಷಯ, ಬಿ12 ಕೊರತೆ, ಸಿಫಿಲಿಸ್, ಎಚ್‌ಐವಿ ಎಲ್ಲವನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಆಕ್ವಾಪೊರಿನ್-4 ಪ್ರತಿಕಾಯದ ಪರೀಕ್ಷೆ. ಅದು ಪಾಸಿಟಿವ್ ಬಂದರೆ ರೋಗವೇ ಬೇರೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥ ಔಷಧಿಗಳು ಆ ರೋಗವನ್ನು ಕೆರಳಿಸುತ್ತವೆ. ಆಕೆಗೆ ಅದು ನೆಗೆಟಿವ್ ಬಂತು, ಎಂಎಸ್‌ನಂತೆ ಕಾಣುವ ಇನ್ನೊಂದು ರೋಗದ ಗುರುತಾದ ಮಾಗ್ (MOG) ಪ್ರತಿಕಾಯವೂ ನೆಗೆಟಿವ್.

ಬೆನ್ನಿನ ನೀರು ತೆಗೆಯಬೇಕು ಎಂದಾಗ ಮನೆಯವರು ಹಿಂದೇಟು ಹಾಕಿದರು. ಸೊಂಟ ಬೀಳುತ್ತದೆ ಎಂಬ ಭಯ. ಒಂದು ಗಂಟೆ ಕೂತು ಮಾತಾಡಿದ ಮೇಲೆ ಒಪ್ಪಿದರು. ಆ ನೀರಿನಲ್ಲಿ ಆಲಿಗೋಕ್ಲೋನಲ್ ಪಟ್ಟಿಗಳು ಎಂಬ ಪ್ರತಿಕಾಯದ ಗೆರೆಗಳಿದ್ದವು, ಅದೇ ದಿನ ತೆಗೆದ ರಕ್ತದಲ್ಲಿ ಇರಲಿಲ್ಲ. ನರಮಂಡಲದ ಗೋಡೆಯ ಒಳಗೇ ಬಿ ವಂಶದ ಕೆಲವು ಬಿಳಿ ರಕ್ತಕಣಗಳು ಠಿಕಾಣಿ ಹೂಡಿ ಪ್ರತಿಕಾಯ ತಯಾರಿಸುತ್ತಿವೆ ಎಂಬುದಕ್ಕೆ ಇದು ಗುರುತು. ಎಂಎಸ್ ಗುರುತಿಸಲು ವೈದ್ಯರು ಬಳಸುವ 2017ರ ಮ್ಯಾಕ್‌ಡೊನಾಲ್ಡ್ ಮಾನದಂಡದಲ್ಲಿ ಈ ಪಟ್ಟಿಗಳಿಗೆ ದೊಡ್ಡ ತೂಕ ಸಿಕ್ಕಿದೆ. ಎಂಎಸ್ ಖಚಿತವಾಯಿತು.

ಮೀಥೈಲ್ ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ ಐದು ದಿನ ಡ್ರಿಪ್‌ನಲ್ಲಿ ಹೋಯಿತು. ಆರು ವಾರದಲ್ಲಿ ದೃಷ್ಟಿ 6/9ಕ್ಕೆ ಬಂತು. ಕೆಂಪು ಮಾತ್ರ ಪೂರ್ತಿ ಮರಳಲಿಲ್ಲ.

ಯಾವ ಔಷಧಿ, ಯಾಕೆ

ಮರುಕಳಿಸದಂತೆ ತಡೆಯುವ ಔಷಧಿಯಾಗಿ ಫಿಂಗೋಲಿಮಾಡ್ ಆರಿಸಿದೆ. ದಿನಕ್ಕೊಂದು ಕ್ಯಾಪ್ಸೂಲ್, ಸೂಜಿಯಿಲ್ಲ, ಕರೆಂಟ್ ಕೈಕೊಡುವ ಹಳ್ಳಿಯಲ್ಲಿ ಫ್ರಿಜ್ ನಂಬಿಕೊಂಡು ಇಡುವ ಗೋಜಿಲ್ಲ, ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆಯೂ ಕೈಗೆಟಕುತ್ತದೆ. ಮಗುವಿಗೆ ಹಾಲು ಬಿಡಿಸಿ, ಗರ್ಭ ನಿಲ್ಲದಂತೆ ಏರ್ಪಾಟು ಮಾಡಿಸಿ, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಪ್ರತಿಕಾಯ ಇದೆಯೇ ನೋಡಿ, ಮೊದಲ ಡೋಸಿನ ದಿನ ಆರು ಗಂಟೆ ಇಸಿಜಿ ಮತ್ತು ನಾಡಿ ಗಮನಿಸಿ ಶುರು ಮಾಡಿದೆವು.

ಈ ಔಷಧಿಯ ಮೂಲ ಒಂದು ಬೂಷ್ಟು. ಜಪಾನಿನ ಕ್ಯೋಟೊದಲ್ಲಿ ಫುಜಿತಾ ಅವರ ತಂಡ ಅದರಲ್ಲಿನ ಒಂದು ರಾಸಾಯನಿಕವನ್ನು ತಿದ್ದಿ ಇದನ್ನು ಮಾಡಿತು. ಎಂಎಸ್‌ಗೆ ಬಾಯಿಂದ ತೆಗೆದುಕೊಳ್ಳುವ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಇದು ಟಿ ಕಣ, ಬಿ ಕಣಗಳೆಲ್ಲ ಸೇರಿರುವ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣಗಳನ್ನು ಕೊಲ್ಲುವುದಿಲ್ಲ, ಈ ಮಾತನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಕುತ್ತಿಗೆ, ಕಂಕುಳು, ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಂದ ಲಿಂಫೋಸೈಟ್‌ಗಳು ರಕ್ತಕ್ಕೆ ಇಳಿಯಬೇಕಾದರೆ ಎಸ್1ಪಿ ಎಂಬ ಕೊಬ್ಬಿನ ಸಂಕೇತವನ್ನು ಹಿಡಿದು ದಾರಿ ಕಂಡುಕೊಳ್ಳಬೇಕು. ಫಿಂಗೋಲಿಮಾಡ್ ಆ ಸಂಕೇತ ಹಿಡಿಯುವ ಗ್ರಾಹಕವನ್ನು ಕಣದ ಮೇಲ್ಮೈಯಿಂದ ಒಳಕ್ಕೆ ಎಳೆಸುತ್ತದೆ. ದಾರಿ ಕಾಣದ ಕಣಗಳು ಗ್ರಂಥಿಯಲ್ಲೇ ಉಳಿಯುತ್ತವೆ.

ಆಕೆಯ ಮಾವ ಅರವತ್ತು ದಾಟಿದ ರೈತರು, ಪ್ರತಿ ರಿಪೋರ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟವರು. ಔಷಧಿ ಶುರುವಾಗುವ ಮೊದಲು ಒಂದು ಮೈಕ್ರೋಲೀಟರ್ ರಕ್ತದಲ್ಲಿ 2,100 ಲಿಂಫೋಸೈಟ್ ಇದ್ದವು, ಜೂನ್‌ನಲ್ಲಿ 520. ಅವರು ಬೆಚ್ಚಿದರು.

"ಯಜಮಾನ್ರೇ, ನಿಮ್ಮೂರಿನ ಕಾಲುವಿಗೆ ನೀರು ಬರಂಗಿಲ್ಲ ಅಂದ್ರ ಡ್ಯಾಮು ಬತ್ತೈತಿ ಅಂತಾನಾ?" ಎಂದೆ.

"ಹಂಗಲ್ರಿ. ಗೇಟು ಹಾಕಿರ್ತಾರ."

"ಇದೂ ಹಂಗ. ಗೇಟು ಹಾಕೀವಿ."

ತುಂಗಭದ್ರೆಯ ನೀರಿನ ಮೇಲೆ ಬದುಕುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಒಂದು ಅಂಕಿಯನ್ನಂತೂ ಹೇಳಿದೆ: ಮನುಷ್ಯನ ಮೈಯಲ್ಲಿರುವ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಹರಿಯುತ್ತಿರುವುದು ಸುಮಾರು ಶೇ. 2 ಮಾತ್ರ. ಲ್ಯಾಬಿನವರು ಎಣಿಸುವುದು ಕಾಲುವೆಯ ನೀರನ್ನು.

ಆ ಮೇ ತಿಂಗಳಲ್ಲಿ ಒಂದು ಗಾಬರಿ ಬಂದು ಹೋಗಿತ್ತು. ಮಧ್ಯಾಹ್ನ ಹೊಲದಿಂದ ನಡೆದು ಬಂದ ಆಕೆಗೆ ಎಡಗಣ್ಣು ಮತ್ತೆ ಮಂಜಾಯಿತು. ಫೋನಿನಲ್ಲಿ ಅಳುತ್ತಿದ್ದಳು. ನೆರಳಿನಲ್ಲಿ ಕೂತು ತಲೆಗೆ ಒದ್ದೆ ಟವೆಲ್ ಹಾಕಿಕೊಳ್ಳಲು ಹೇಳಿದೆ. ಅರ್ಧ ಗಂಟೆಯಲ್ಲಿ ತಿಳಿಯಾಯಿತು. ಮೈಲಿನ್ ಕಿತ್ತುಹೋದ ನರದಲ್ಲಿ ಮೈ ಕಾದಾಗ ಸಂದೇಶ ನಿಲ್ಲುತ್ತದೆ, ತಣಿದಾಗ ಮತ್ತೆ ಹರಿಯುತ್ತದೆ. 1890ರಲ್ಲಿ ಜರ್ಮನಿಯ ಊಟ್ಹಾಫ್ ಇದನ್ನು ವಿವರಿಸಿದರು. ಹೊಸ ದಾಳಿಯಾದರೆ 24 ಗಂಟೆಗಿಂತ ಹೆಚ್ಚು ನಿಲ್ಲುತ್ತದೆ, ಜ್ವರವಾಗಲೀ ಬಿಸಿಲಾಗಲೀ ಅದಕ್ಕೆ ಕಾರಣವಾಗಿರುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಎಂಎಸ್ ಇರುವ ಪ್ರತಿಯೊಬ್ಬರಿಗೂ ಈ ವ್ಯತ್ಯಾಸ ಮೊದಲ ದಿನವೇ ತಿಳಿಸಬೇಕು. ತಿಳಿಸದಿದ್ದರೆ ಪ್ರತಿ ಬೇಸಿಗೆಯಲ್ಲೂ ಬೇಡದ ಸ್ಟೀರಾಯ್ಡ್ ಮೈಗೆ ಹೋಗುತ್ತದೆ.

ನವೆಂಬರ್‌ನ ಜ್ವರ

ನವೆಂಬರ್ ಮೊದಲ ವಾರ ಆಕೆಗೆ ಜ್ವರ ಬಂತು. ಸುತ್ತಮುತ್ತ ಡೆಂಗಿ ಇತ್ತು. ಹತ್ತಿರದ ಊರಿನ ವೈದ್ಯರೊಬ್ಬರು ರಕ್ತ ಬರೆದುಕೊಟ್ಟರು. ಒಟ್ಟು ಬಿಳಿ ರಕ್ತಕಣ 3,200, ಲಿಂಫೋಸೈಟ್ ಶೇ. 12, ಅಂದರೆ 384. ಪ್ಲೇಟ್ಲೆಟ್ 1.4 ಲಕ್ಷ. ಡೆಂಗಿ ನೆಗೆಟಿವ್. ಲಿಂಫೋಸೈಟ್ ಅಂಕಿಯ ಸುತ್ತ ಕೆಂಪು ಪೆನ್ನಿನಲ್ಲಿ ಗೋಲ ಎಳೆದು, "ಈ ಮಾತ್ರೆ ರಕ್ತ ತಿಂತಾ ಇದೆ, ಇವತ್ತೇ ನಿಲ್ಲಿಸಿ" ಎಂದರಂತೆ.

ಅವರನ್ನು ದೂರಲು ನನಗೆ ಮನಸ್ಸಿಲ್ಲ. ಜ್ವರ ಬಂದ ರೋಗಿಯ ಲಿಂಫೋಸೈಟ್ 384 ಎಂದರೆ ಎಚ್ಚರ ವಹಿಸುವುದು ಸರಿಯಾದ ವೈದ್ಯ ಬುದ್ಧಿ. ಫಿಂಗೋಲಿಮಾಡ್ ತೆಗೆದುಕೊಳ್ಳುವವರಲ್ಲಿ ಸರ್ಪಸುತ್ತು ಬರುತ್ತದೆ, ಅಪರೂಪಕ್ಕೆ ಕ್ರಿಪ್ಟೊಕಾಕಸ್ ಬೂಷ್ಟಿನ ಮಿದುಳು ಜ್ವರ, ಜೆಸಿ ವೈರಸ್‌ನಿಂದ ಪಿಎಂಎಲ್ ಎಂಬ ಮಿದುಳಿನ ಸೋಂಕು ಕೂಡ ಬಂದಿವೆ. ಅವರಿಗೆ ಗೊತ್ತಿಲ್ಲದ್ದು ಮೂರು ಸಂಗತಿ: ಈ ಔಷಧಿಯಲ್ಲಿ ಲಿಂಫೋಸೈಟ್ ಮೊದಲಿದ್ದುದರ ನಾಲ್ಕನೇ ಒಂದು ಪಾಲಿನ ಆಸುಪಾಸಿಗೆ ಇಳಿಯುವುದು ನಿರೀಕ್ಷಿತ, ಮತ್ತೆ ಪರೀಕ್ಷಿಸಿದಾಗಲೂ 200ಕ್ಕಿಂತ ಕೆಳಗೇ ಇದ್ದರೆ ಔಷಧಿ ನಿಲ್ಲಿಸಬೇಕು ಎಂಬುದು ಯುರೋಪಿನ ಸೂಚನೆ. ಮತ್ತು ಯಾವುದೇ ಕಾರಣಕ್ಕೆ ನಿಲ್ಲಿಸಿದರೂ ಮುಂದಿನ ಔಷಧಿಯ ಯೋಜನೆ ಅಂದೇ ಶುರುವಾಗಬೇಕು. 2018ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಫಿಂಗೋಲಿಮಾಡ್ ನಿಲ್ಲಿಸಿದ ಮೇಲೆ, ಸಾಮಾನ್ಯವಾಗಿ 12 ವಾರದೊಳಗೆ, ಕೆಲವರಲ್ಲಿ ರೋಗ ಮೊದಲಿಗಿಂತ ಭೀಕರವಾಗಿ ಮರಳುತ್ತದೆ ಎಂದು.

ಇದನ್ನು ಅವರಿಗೆ ತಿಳಿಸಬೇಕಾದವನು ನಾನು. ನನ್ನ ಚೀಟಿಯಲ್ಲಿ ಔಷಧಿಯ ಹೆಸರು, ಡೋಸು ಇದ್ದವು. ‘ಲಿಂಫೋಸೈಟ್ ಕಡಿಮೆ ಇರುವುದು ಈ ಔಷಧಿಯ ಕೆಲಸ, ನನಗೆ ಫೋನ್ ಮಾಡದೆ ನಿಲ್ಲಿಸಬೇಡಿ’ ಎಂಬ ಒಂದು ಸಾಲು ಇರಲಿಲ್ಲ. ಆಕೆಯ ಮಾವನಿಗೆ ಕಾಲುವೆಯ ಮಾತು ಹೇಳಿದ್ದೆ. ವೈದ್ಯರೇ ನಿಲ್ಲಿಸಿ ಎಂದಾಗ ಅವರು ಎದುರಾಡುವುದಾದರೂ ಹೇಗೆ?

ಜ್ವರ ನಾಲ್ಕು ದಿನದಲ್ಲಿ ಇಳಿಯಿತು. ಡಿಸೆಂಬರ್ ಮಧ್ಯದಲ್ಲಿ ಮತ್ತೆ ರಕ್ತ ಕೊಟ್ಟರು: ಬಿಳಿ ರಕ್ತಕಣ 6,800, ಲಿಂಫೋಸೈಟ್ ಶೇ. 27, ಅಂದರೆ 1,836. ಪೂರ್ತಿ ನಾರ್ಮಲ್. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಅಂದಿನ ಆ ಹಾಳೆ ಈಗ ನನ್ನ ಮೇಜಿನ ಗಾಜಿನ ಕೆಳಗಿದೆ. ಒಂದೂ ಗೋಲವಿಲ್ಲದ, ಅಚ್ಚುಕಟ್ಟಾದ ಹಾಳೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಕಾಲುವೆಯಲ್ಲಿ ನಿಧಾನವಾಗಿ ಬಿಡುವ ನೀರೇ ಬೇರೆ, ಗೇಟು ಹೋದಾಗ ನುಗ್ಗುವ ನೀರೇ ಬೇರೆ. ತಿಂಗಳುಗಟ್ಟಲೆ ಗ್ರಂಥಿಗಳಲ್ಲಿ ಕೂಡಿಬಿದ್ದ ಲಿಂಫೋಸೈಟ್‌ಗಳು ಒಂದೆರಡು ತಿಂಗಳಲ್ಲಿ ರಕ್ತಕ್ಕೆ ಮರಳುತ್ತವೆ. ಅವುಗಳಲ್ಲಿ ಮೈಲಿನ್ ಮೇಲೆ ಹಗೆ ಸಾಧಿಸುವವೂ ಇರುತ್ತವೆ. 1,836 ಎಂಬ ಆ ಸುಂದರ ಅಂಕಿಯೊಳಗೆ ಅವೂ ಸೇರಿದ್ದವು.

ಔಷಧಿ ನಿಂತ ಹತ್ತನೇ ವಾರ, ಸಂಕ್ರಾಂತಿ ಆದ ಮೂರ್ನಾಲ್ಕು ದಿನಕ್ಕೆ, ಬೆಳಿಗ್ಗೆ ಎದ್ದ ಆಕೆಗೆ ಎರಡೂ ಕಾಲು ಎತ್ತಲಾಗಲಿಲ್ಲ. ಎದೆಯಿಂದ ಕೆಳಗೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಮೂತ್ರ ಕಟ್ಟಿತ್ತು. ಎಂಆರ್‌ಐನಲ್ಲಿ ಮಿದುಳಿನೊಳಗೆ ಒಂಬತ್ತು ಕಡೆ ಗ್ಯಾಡೋಲಿನಿಯಂ ಬಣ್ಣ ಹೀರಿದ ಹೊಸ ಕಲೆಗಳು, ಬೆನ್ನುಹುರಿಯಲ್ಲಿ ಎರಡು. ಮೊದಲ ದಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಐದು ದಿನದ ಸ್ಟೀರಾಯ್ಡ್‌ಗೆ ಹೆಬ್ಬೆರಳಷ್ಟೇ ಅಲುಗಾಡಿತು. ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಆಂಬುಲೆನ್ಸ್‌ನಲ್ಲಿ ಕಳಿಸಿ ಐದು ಸಲ ಪ್ಲಾಸ್ಮಾ ಬದಲಿಸಿದರು. ಆ ವರ್ಷದ ಮೆಣಸಿನಕಾಯಿ ಕಣಕ್ಕೆ ಆಕೆ ಬರಲಿಲ್ಲ. ಎರಡೂವರೆ ವರ್ಷದ ಮಗು ತಾಯಿ ಎಲ್ಲಿ ಎಂದು ಅಜ್ಜನನ್ನು ಕೇಳುತ್ತಿತ್ತಂತೆ.

ಎಣಿಕೆಯಲ್ಲಿ ಕಾಣದ್ದು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಔಷಧಿ ತೆಗೆದುಕೊಳ್ಳದ ಎಂಎಸ್ ರೋಗಿಯ ರಕ್ತದ ಎಣಿಕೆ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಬದಲಾಗಿರುವುದು ಕಣಗಳ ಸ್ವಭಾವ. ಉರಿಯೂತ ಹಚ್ಚುವ ಟಿಎಚ್1, ಟಿಎಚ್17 ಎಂಬ ಟಿ ಕಣಗಳು ಹುರುಪಾಗಿರುತ್ತವೆ, ಅವನ್ನು ಹದ್ದುಬಸ್ತಿನಲ್ಲಿಡಬೇಕಾದ ನಿಯಂತ್ರಕ ಟಿ ಕಣಗಳು ಇದ್ದರೂ ಅವುಗಳ ಹಿಡಿತ ಸಡಿಲವಾಗಿರುತ್ತದೆ. ಸತ್ತವರ ಮಿದುಳಿನ ಕಲೆಗಳನ್ನು ಪರೀಕ್ಷಿಸಿದವರು ಅಲ್ಲಿ ನೆರವು ನೀಡುವ ಸಿಡಿ4ಗಿಂತ ಕೊಲ್ಲುವ ಸಿಡಿ8 ಟಿ ಕಣಗಳೇ ಹೆಚ್ಚು ಎಂದು ಕಂಡಿದ್ದಾರೆ. ಇದಾವುದನ್ನೂ ನಮ್ಮ ಲ್ಯಾಬಿನ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ತೋರಿಸದು.

ಬಿ ಕಣಗಳ ಕಥೆ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಬಹುಕಾಲ ಎಂಎಸ್ ಎಂದರೆ ಟಿ ಕಣಗಳ ರೋಗ ಎಂದೇ ಓದಿದ್ದೆವು. 2008ರಲ್ಲಿ 104 ರೋಗಿಗಳ ಮೇಲೆ ರಿಟುಕ್ಸಿಮ್ಯಾಬ್ ಎಂಬ ಔಷಧಿಯ ಪ್ರಯೋಗದ ಫಲಿತಾಂಶ ಬಂತು. ಸಿಡಿ20 ಗುರುತಿರುವ ಬಿ ಕಣಗಳನ್ನು ಅಳಿಸಿದಾಗ ಹೊಸ ಉರಿಯೂತದ ಕಲೆಗಳು ಶೇ. 91ರಷ್ಟು ಇಳಿದವು. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳ ಮೇಲೆ ಸಿಡಿ20 ಇರುವುದಿಲ್ಲ, ಅವು ಹಾಗೇ ಉಳಿದವು. ಆದರೂ ರೋಗ ತಣ್ಣಗಾಯಿತು. ಅಂದರೆ ಬಿ ಕಣಗಳ ಕೇಡು ಪ್ರತಿಕಾಯದಲ್ಲಿ ಅಷ್ಟಿಲ್ಲ. ಟಿ ಕಣಗಳಿಗೆ ಗುರಿ ತೋರಿಸಿ ಕೆರಳಿಸುವುದರಲ್ಲಿದೆ. ಎಪ್‌ಸ್ಟೈನ್-ಬಾರ್ ವೈರಸ್ ಜೀವಮಾನವಿಡೀ ಅಡಗಿ ಕೂರುವುದೂ ಇದೇ ಬಿ ಕಣಗಳಲ್ಲಿ. ಅಮೆರಿಕದ ಸೈನಿಕರ ರಕ್ತದ ದಾಖಲೆಗಳನ್ನು ನೋಡಿದ 2022ರ ಅಧ್ಯಯನದಲ್ಲಿ ಈ ಸೋಂಕು ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರಿದ್ದು ಕಂಡಿತು. ನಮ್ಮಲ್ಲಿ ಬಹುಪಾಲು ಜನರಿಗೆ ಚಿಕ್ಕಂದಿನಲ್ಲೇ ಈ ವೈರಸ್ ತಗುಲಿರುತ್ತದೆ, ಎಲ್ಲರಿಗೂ ಎಂಎಸ್ ಬರುವುದಿಲ್ಲ. ವಂಶದ ಗುಣ, ಡಿ ವಿಟಮಿನ್, ಇನ್ನೇನೇನೋ ಕೂಡಬೇಕು. "ನಾನೇನು ತಪ್ಪು ಮಾಡಿದ್ದೆ ಸರ್?" ಎಂದು ಆಕೆ ಹಾಸಿಗೆಯಲ್ಲಿ ಕೇಳಿದಾಗ ನಾನು ಗಟ್ಟಿಯಾಗಿ ಹೇಳಿದ್ದು ಇಷ್ಟೇ: ಏನೂ ಮಾಡಿಲ್ಲವ್ವ, ನಿನ್ನ ಕೈಯಲ್ಲಿ ಇದ್ದದ್ದು ಯಾವುದೂ ಇದಕ್ಕೆ ಕಾರಣವಲ್ಲ.

ಇನ್ನು ರಿಪೋರ್ಟು. ಫಿಂಗೋಲಿಮಾಡ್‌ನಲ್ಲಿ ರಕ್ತದ ಲಿಂಫೋಸೈಟ್ ಇಳಿಯುತ್ತದೆ. ಎಂಎಸ್‌ನ ಇನ್ನೊಂದು ಔಷಧಿಯಾದ ನ್ಯಾಟಲಿಜುಮ್ಯಾಬ್‌ನಲ್ಲಿ ಏರುತ್ತದೆ, ಯಾಕೆಂದರೆ ಅದು ಮಿದುಳಿನ ಬಾಗಿಲು ಹಾಕುತ್ತದೆ, ಒಳಹೋಗಲಾಗದ ಕಣಗಳು ಹೊರಗೆ ತಿರುಗುತ್ತಿರುತ್ತವೆ. ರಿಟುಕ್ಸಿಮ್ಯಾಬ್‌ನಲ್ಲಿ ಒಟ್ಟು ಅಂಕಿ ಹೆಚ್ಚೇನೂ ಬದಲಾಗದೆ ಬಿ ಕಣ ಮಾತ್ರ ಸೊನ್ನೆಯಾಗುತ್ತದೆ. ಮೂರರಲ್ಲೂ ರೋಗ ಹಿಡಿತದಲ್ಲಿರುತ್ತದೆ. ಔಷಧಿಯ ಹೆಸರು ಕೇಳದೆ ಈ ಅಂಕಿಗಳನ್ನು ಓದಿದರೆ ಅವು ಸುಳ್ಳು ಹೇಳುತ್ತವೆ.

ಮುಂದಿನ ಚಿಕಿತ್ಸೆ

ಮತ್ತೆ ಫಿಂಗೋಲಿಮಾಡ್ ಕೊಡಲು ನನಗೆ ಧೈರ್ಯ ಬರಲಿಲ್ಲ. ಒಂದು ಸಲ ತಪ್ಪಿದರೆ ಇದೇ ಕಥೆ. ಆರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಹೋಗುವ ರಿಟುಕ್ಸಿಮ್ಯಾಬ್ ಆರಿಸಿದೆವು. ಎಂಎಸ್‌ಗೆಂದೇ ಇದಕ್ಕೆ ಅನುಮತಿಯಿಲ್ಲ, ಆದರೂ ಬೆಲೆಯ ಕಾರಣಕ್ಕೆ ಭಾರತದಲ್ಲಿ ವ್ಯಾಪಕವಾಗಿ ಬಳಸುತ್ತೇವೆ, ಇದನ್ನೂ ಮನೆಯವರಿಗೆ ಹೇಳಿದೆ. ಹೆಪಟೈಟಿಸ್ ಬಿ ಅಡಗಿದ್ದರೆ ಈ ಔಷಧಿಯಲ್ಲಿ ಎದ್ದು ಯಕೃತ್ತನ್ನೇ ತೆಗೆಯಬಹುದು, ಹಾಗಾಗಿ ಅದರ ಕೋರ್ ಪ್ರತಿಕಾಯದ ಪರೀಕ್ಷೆ ತಪ್ಪಿಸುವಂತಿಲ್ಲ. ಕ್ಷಯದ ಪರೀಕ್ಷೆಯೂ ಆಯಿತು. ನ್ಯುಮೋನಿಯಾ ಲಸಿಕೆ ಹಾಕಿಸಿದೆವು. ಬಿ ಕಣ ಹೋದ ಮೇಲೆ ಹಾಕಿಸಿದರೆ ಮೈ ಅದನ್ನು ಸರಿಯಾಗಿ ಕಲಿಯುವುದಿಲ್ಲ. ಮಾರ್ಚ್‌ನಲ್ಲಿ ಮೊದಲ ಡೋಸ್.

ಚೇತರಿಕೆ ನಿಧಾನ. ಮೊದಲು ಗೋಡೆ ಹಿಡಿದು, ಆಮೇಲೆ ವಾಕರ್, ಸೆಪ್ಟೆಂಬರ್ ಹೊತ್ತಿಗೆ ಕೋಲು. ಮೂತ್ರಕ್ಕೆ ಕೆಲವು ತಿಂಗಳು ತಾನೇ ಕೊಳವೆ ಹಾಕಿಕೊಳ್ಳುವುದನ್ನು ಕಲಿತಳು, ಒಂದು ಸಲವೂ ಬೇಸರ ಪಡಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಎಂಎಸ್ ಕೂಡ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದೆವು. ಈ ಕಾಯ್ದೆಯಲ್ಲಿ ಎಂಎಸ್ ಇದೆ ಎಂಬುದೇ ಎಷ್ಟೋ ಕುಟುಂಬಗಳಿಗೆ ಗೊತ್ತಿರುವುದಿಲ್ಲ.

ಎಂಆರ್‌ಐನಲ್ಲಿ ಹೊಸ ಕಲೆ ಬಂದಿಲ್ಲ. ರಿಪೋರ್ಟಿನಲ್ಲಿ ಲಿಂಫೋಸೈಟ್ 1,480, ಬಿ ಕಣದ ಗುರುತಾದ ಸಿಡಿ19 ಸೊನ್ನೆ. ಆರು ತಿಂಗಳಿಗೊಮ್ಮೆ ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಪ್ರಮಾಣವನ್ನೂ ನೋಡುತ್ತೇವೆ, ವರ್ಷಗಟ್ಟಲೆ ಈ ಔಷಧಿ ಹೋದರೆ ಅದು ಕುಸಿದು ಸೋಂಕುಗಳು ಬರುತ್ತವೆ.

ಈಗ ನನ್ನ ಪ್ರತಿ ಎಂಎಸ್ ರೋಗಿಯ ಕೈಯಲ್ಲೂ ಒಂದು ಗಟ್ಟಿ ಕಾಗದದ ಕಾರ್ಡಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಯಾವ ಔಷಧಿ, ಕೊನೆಯ ಡೋಸ್ ಯಾವಾಗ, ಯಾವ ಅಂಕಿ ಎಷ್ಟಿರುವುದು ಸಹಜ, ಎಷ್ಟಾದರೆ ಅಪಾಯ, ಯಾವ ಜೀವಂತ ಲಸಿಕೆ ಕೊಡಬಾರದು, ನನ್ನ ಫೋನ್ ನಂಬರ್.

ಹೋದ ಜುಲೈನಲ್ಲಿ ಆಕೆಗೆ ಮತ್ತೆ ಜ್ವರ ಬಂತು. ನವೆಂಬರ್‌ನಲ್ಲಿ ನೋಡಿದ್ದ ಅದೇ ವೈದ್ಯರ ಬಳಿ ಹೋದರು. ಸಂಜೆ ಏಳಕ್ಕೆ ನನ್ನ ಫೋನ್ ಬಾರಿಸಿತು.

"ಸರ್, ಕಾರ್ಡ್ ನೋಡಿದೆ. ಸಿಡಿ19 ಸೊನ್ನೆ, ಅದು ಔಷಧಿಯಿಂದ ಅಂತ ಬರ್ದೀರಿ. ಮೂರು ದಿನದ ಜ್ವರ, ಚಳಿ ಐತಿ, ಕಾಲು ಸ್ವಲ್ಪ ಭಾರ ಆಗ್ಯಾವ ಅಂತಾಳ. ಮೊದ್ಲು ಏನು ನೋಡ್ಲಿ?"

ಎದೆ, ಮೂತ್ರ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆ, ಈ ಮೂರನ್ನು ನೋಡಲು ಹೇಳಿದೆ. ಮೂತ್ರದಲ್ಲಿ ಸೋಂಕಿತ್ತು. ಕಲ್ಚರ್‌ಗೆ ಕಳಿಸಿ ಆಂಟಿಬಯೋಟಿಕ್ ಶುರು ಮಾಡಿದರು. ಜ್ವರ ಇಳಿದ ಮರುದಿನ ಕಾಲಿನ ಭಾರವೂ ಇಳಿಯಿತು, ಸ್ಟೀರಾಯ್ಡ್ ಬೇಕಾಗಲಿಲ್ಲ. ಮುಂದಿನ ಡೋಸ್ ಸೆಪ್ಟೆಂಬರ್ ಎರಡನೇ ವಾರಕ್ಕೆ ಇಟ್ಟಿದ್ದೇವೆ.